ನಕ್ಷತ್ರದ ಮನೆ ಅಳಿಯ

ಕೊಪ್ಪಳ ಜಿಲ್ಲೆಯಾದ ವರ್ಷವೇ ನಾನು ಮನೆ ಅಳಿಯನಾದೆ. ನಾನು ಅಳವಂಡಿಯ ಒಕ್ಕಲುತನದ ಮನೆಯ ಮೂರನೆಯ ಮಗ. ಭಾಗ್ಯನಗರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಮಾವನಿಗೆ ಒಬ್ಬಳೇ ಮಗಳು. ಮದುವೆಯಾದ ಮೇಲೆ ಹುಡುಗ ನಮ್ಮಲ್ಲೇ ಇರಬೇಕು ಎಂಬ ಮಾತು ನಿಶ್ಚಯಕ್ಕೂ ಮೊದಲೇ ಹಿರಿಯರ ನಡುವೆ ಆಗಿತ್ತು. ನಾನು ಹುಡುಗಿಯನ್ನು ಮೆಚ್ಚಿಯೇ ಒಪ್ಪಿದ್ದೆ. ಆದರೂ ಬಟ್ಟೆಯ ಚೀಲ ಹಿಡಿದು ಆ ಮನೆಯ ಹೊಸ್ತಿಲು ದಾಟಿದ ದಿನ ಹತ್ತಿಕೊಂಡ ನಾಚಿಕೆ ವರ್ಷಗಟ್ಟಲೆ ಬಿಡಲಿಲ್ಲ.

ಅಲ್ಲಿ ಯಾರೂ ನನ್ನನ್ನು ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಅದೇ ದೊಡ್ಡ ತೊಂದರೆ. ನಾನು ಉಣ್ಣದೆ ಮಾವ ಉಣ್ಣುತ್ತಿರಲಿಲ್ಲ. ನಾನು ಕಲಿಸುತ್ತಿದ್ದ ಕುಕನೂರಿನ ಶಾಲೆಯಿಂದ ಬರುವುದು ಸ್ವಲ್ಪ ತಡವಾದರೂ ಗಿರಣಿಯ ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದರು. ಜೋಳದ ಡಬ್ಬಿ ತಂದ ಹೆಂಗಸರಿಗೆಲ್ಲ ನನ್ನನ್ನು ತೋರಿಸಿ, ಇವರು ನಮ್ಮ ಅಳಿಯ, ವಿಜ್ಞಾನದ ಮಾಸ್ತರು ಎಂದು ಹೇಳುವರು. ಹೀಗಾಗಿ ಓಣಿಯಲ್ಲಿ ನನಗೆ ಹೆಸರೇ ಇಲ್ಲದಂತಾಯಿತು. ಕ್ಷೌರದಂಗಡಿಯಲ್ಲಿ ಗಿರಣಿಯವರ ಅಳಿಯ, ಕಿರಾಣಿ ಅಂಗಡಿಯಲ್ಲಿ ಗಿರಣಿಯವರ ಅಳಿಯ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಇಷ್ಟು ಅಕ್ಕರೆ ತೋರಿಸುವವರ ಮೇಲೆ ಸಿಟ್ಟಾಗುವುದು ಹೇಗೆ? ಹಲ್ಲು ಕಚ್ಚಿಕೊಂಡು ಇದ್ದೆ.

ಮದುವೆಯಾಗಿ ಏಳೆಂಟು ವರ್ಷವಾಗಿದ್ದಾಗ ಅಳವಂಡಿಯ ಶಾಲೆಯವರು ವಿಜ್ಞಾನ ದಿನಕ್ಕೆ ಮಾತಾಡಲು ಕರೆದರು. ನನ್ನೂರು, ನಾನೇ ಕಲಿತ ಶಾಲೆ. ಅಳಿಯನ ಭಾಷಣ ಕೇಳಬೇಕೆಂದು ಮಾವ ಗಿರಣಿ ಮುಚ್ಚಿ, ಇಸ್ತ್ರಿ ಮಾಡಿದ ಧೋತರ ಉಟ್ಟು, ಟೋಪಿ ಹಾಕಿಕೊಂಡು ಬೈಕಿನ ಹಿಂದೆ ಕೂತರು. ಎಂದಿನಂತೆ ನನ್ನ ಎಡಭುಜದ ಮೇಲೆ ಕೈ ಇಟ್ಟರು. ಎಷ್ಟು ತೊಳೆದರೂ ಅವರ ಕೈಗೆರೆಗಳಲ್ಲಿ ಹಿಟ್ಟು ಉಳಿಯುತ್ತಿತ್ತು. ನನ್ನ ಅಂಗಿಗಳೆಲ್ಲ ಆ ಜಾಗದಲ್ಲಿ ಮಾಸಿದ್ದವು.

ಆಗ ಬೇರೆ ಸೂರ್ಯರ ಸುತ್ತ ತಿರುಗುವ ಗ್ರಹಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿತ್ತು. ನಾನು ಅದನ್ನೇ ಆರಿಸಿಕೊಂಡಿದ್ದೆ. ನಮ್ಮ ಗುರುಗ್ರಹದಂಥದ್ದೇ ದೊಡ್ಡ ಗ್ರಹ, ಇಡೀ ಮೈಯೆಲ್ಲ ಅನಿಲ, ಕಾಲೂರಲು ನೆಲವಿಲ್ಲ. ಆದರೆ ತನ್ನ ನಕ್ಷತ್ರಕ್ಕೆ ಎಷ್ಟು ಹತ್ತಿರವೆಂದರೆ ನಾಲ್ಕೇ ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ, ಅಂದರೆ ನಾಲ್ಕು ದಿನಕ್ಕೊಂದು ಯುಗಾದಿ. ಅಲ್ಲಿಯ ಕಾವಿಗೆ ಹಿತ್ತಾಳೆಯ ಕೊಡ ಕರಗೀತು. ಅದು ನಮಗೆ ಕಾಣುವುದಿಲ್ಲ. ಅದರ ಸೆಳೆತಕ್ಕೆ ನಕ್ಷತ್ರ ಅತ್ತಿತ್ತ ಅಲುಗಾಡುತ್ತದೆ, ಆ ಅಲುಗಾಟದಿಂದ ಜೊತೆಗೊಂದು ಗ್ರಹವಿದೆ ಎಂದು ಗೊತ್ತಾಗುತ್ತದೆ. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಅಂಥ ಗ್ರಹ ಅಷ್ಟು ಹತ್ತಿರದಲ್ಲಿ ಹುಟ್ಟಲಾರದು, ಎಲ್ಲೋ ದೂರದ ತಣ್ಣನೆಯ ಜಾಗದಲ್ಲಿ ಹುಟ್ಟಿ ಆಮೇಲೆ ನಕ್ಷತ್ರದ ಬಳಿಗೆ ಸರಿದು ಬಂದಿರಬೇಕು ಎಂದೆ.

ಹಿಂದೆ ಕೂತಿದ್ದ, ತಲೆಗೆ ಪಟಕಾ ಸುತ್ತಿದ ಹಿರಿಯರೊಬ್ಬರು ಎದ್ದು ನಿಂತು, ಬಲು ಗಂಭೀರವಾಗಿ ಹೇಳಿದರು: "ಅಂದ್ರ ಅದು ಮನಿ ಅಳಿಯ ಆತಲ್ರಿ."

ಇಡೀ ಶಾಲೆ ನಕ್ಕಿತು. ಹೆಡ್‌ಮಾಸ್ತರರು ನಕ್ಕರು. ಬಾಗಿಲ ಬಳಿ ನಿಂತಿದ್ದ ನನ್ನ ಅಣ್ಣನೂ ನಕ್ಕ. ಮುಂದಿನ ಸಾಲಿನಲ್ಲಿದ್ದ ಮಾವ ಮಾತ್ರ ಮುಗುಳ್ನಕ್ಕು ಟೋಪಿ ಸರಿಮಾಡಿಕೊಂಡರು. ನನ್ನ ಕಿವಿ ಬಿಸಿಯಾದವು. ಅಷ್ಟಕ್ಕೇ ನಾನೂ ನಕ್ಕು ಸುಮ್ಮನಾಗಬಹುದಿತ್ತು. ಹಾಳು ಸಿಟ್ಟು, ಸುಮ್ಮನಿರಲು ಬಿಡಲಿಲ್ಲ.

ಹೌದು, ಹಾಗೇ ಅನ್ನಿ ಎಂದೆ. ಆ ಗ್ರಹಕ್ಕೆ ಆಚೆ ಮುಖ ತಿರುಗಿಸುವ ಹಕ್ಕೂ ಇಲ್ಲ, ಸದಾ ಒಂದೇ ಮಗ್ಗಲನ್ನು ನಕ್ಷತ್ರಕ್ಕೆ ಒಡ್ಡಿ ಬೇಯಬೇಕು. ಮೈಯ ಅನಿಲ ದಿನದಿನವೂ ಕಾದು ಹಾರಿಹೋಗುತ್ತದೆ. ಹುಟ್ಟಿದ ಜಾಗಕ್ಕೆ ತಿರುಗಿ ಹೋಗುವ ದಾರಿಯಿಲ್ಲ. ಹೇಳುತ್ತ ಹೇಳುತ್ತ ನನ್ನ ದನಿ ಏರಿತ್ತು. ಇದು ಖಗೋಳದ ಮಾತಲ್ಲ ಎಂದು ದೊಡ್ಡವರಿಗೆಲ್ಲ ತಿಳಿಯಿತು, ನಗು ನಿಂತಿತು. ಮಾವ ತಲೆ ತಗ್ಗಿಸಿ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

ಮರಳಿ ಬರುವಾಗ ಅವರು ನನ್ನ ಭುಜ ಹಿಡಿಯಲಿಲ್ಲ. ಕೈ ಹಿಂದೆ ಹಾಕಿ ಕ್ಯಾರಿಯರ್ ಹಿಡಿದುಕೊಂಡಿದ್ದರು. ತಗ್ಗುದಿಣ್ಣೆಯ ದಾರಿ, ವಯಸ್ಸಾದ ಮೈ. ಗಾಡಿ ನೆಗೆದಾಗಲೆಲ್ಲ ಈಗ ಹಿಡಿದಾರು, ಈಗ ಹಿಡಿದಾರು ಎಂದುಕೊಂಡೆ.

ಅಂದಿನಿಂದ ಮಾವ ನನಗಿಂತ ಮೊದಲೇ ಉಂಡು ಏಳತೊಡಗಿದರು. ನಾನು ಬರುವ ಹೊತ್ತಿಗೆ ಕಟ್ಟೆ ಖಾಲಿ ಇರುತ್ತಿತ್ತು. ಯಾರಿಗೂ ನನ್ನನ್ನು ತೋರಿಸುತ್ತಿರಲಿಲ್ಲ. ನಾನು ಇಷ್ಟು ದಿನ ಬೇಡಿದ್ದು ಇದನ್ನೇ ಅಲ್ಲವೆ? ಸಿಕ್ಕಾಗ ಒಬ್ಬನೇ ಕೂತು ಉಣ್ಣುವುದು ಬೇಡವೆನಿಸಿತು. ಅಪ್ಪನಿಗೆ ಏನು ಅಂದಿರಿ ಎಂದು ಹೆಂಡತಿ ಕೇಳಿದಳು. ಗ್ರಹದ ಕಥೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಎದ್ದು ಒಳಗೆ ಹೋದಳು.

ಒಂದು ಭಾನುವಾರ ಮಾವ ನನ್ನ ಎದುರು ಬಂದು ಕೂತರು. ಕೊಪ್ಪಳದಲ್ಲಿ, ರೈಲ್ವೆ ಗೇಟಿನ ಆಚೆ, ಒಂದು ಬಾಡಿಗೆ ಮನೆ ನೋಡಿದ್ದರಂತೆ. ನೀರು ಛಲೋ ಬರುತ್ತದಂತೆ.

"ನೀವಿಬ್ರೂ ಅಲ್ಲಿ ಇರ್ರಿ ಮಾಸ್ತರ. ನಂದೂ ತಪ್ಪಾತು. ಅಷ್ಟು ಹತ್ತರ ಇಟ್ಕೊಂಡು ಕುಂತಬಿಟ್ಟೆ."

ಬೇಡ ಅನ್ನಬೇಕಿತ್ತು. ಆದರೆ ನನ್ನ ಹೆಸರಿನ ಮನೆ ಎಂಬ ಆಸೆ ಇನ್ನೂ ಸತ್ತಿರಲಿಲ್ಲ. ಆಯಿತು ಎಂದೆ.

ಮೊದಲು ಹಿಟ್ಟು ಒಳಗೆ ಹೋಗಬೇಕು, ಸಾಮಾನು ಆಮೇಲೆ ಎಂದು ಅವರೇ ಜೋಳ ಬೀಸಿ ಸಣ್ಣ ಚೀಲ ಕಟ್ಟಿದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬೈಕಿನ ಹಿಂದೆ ಕೂತರು. ಗೇಟು ಹಾಕಿತ್ತು. ಗೂಡ್ಸ್ ಗಾಡಿ ಹಾಯುವವರೆಗೆ ಕಾಯಬೇಕಾಯಿತು. ಆಗ ಹಿಂದಿನಿಂದ ಕೇಳಿದರು:

"ಆ ಗ್ರಹ ದೂರ ಹೋದ್ರ, ನಕ್ಷತ್ರದ ಅಲುಗಾಟ ನಿಲ್ಲತೈತೇನ್ರಿ?"

ಉತ್ತರ ನನಗೆ ಗೊತ್ತಿತ್ತು. ಗ್ರಹ ದೂರವಾದಷ್ಟೂ ಅಲುಗಾಟ ಸಾವಕಾಶವಾಗುತ್ತದೆ, ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ತರಗತಿಯಲ್ಲಿ ಸಲೀಸಾಗಿ ಹೇಳುವ ಮಾತು. ಅಂದು ಮಾತ್ರ, ನಿಲ್ಲೂದಿಲ್ರಿ ಮಾವಾರ ಎಂದಷ್ಟೇ ಹೇಳಿದೆ. ಅವರು ಹೂಂ ಅಂದರು.

ಹೊಸ ಓಣಿಯಲ್ಲಿ ಎದುರುಮನೆಯ ಮುದುಕಿ ಬಾಗಿಲಲ್ಲೇ ಕೂತಿದ್ದಳು. ಯಾರ ಪೈಕಿ ನೀವು ಎಂದು ಕೇಳಿದಳು. ಈ ಪ್ರಶ್ನೆಗೆ ಇಷ್ಟು ವರ್ಷ ಉತ್ತರ ಸಿದ್ಧಮಾಡಿಟ್ಟುಕೊಂಡವನು ನಾನು. ನನ್ನ ಹೆಸರು, ನಮ್ಮಪ್ಪನ ಹೆಸರು, ನನ್ನ ಊರು, ನನ್ನ ನೌಕರಿ.

"ಭಾಗ್ಯನಗರದ ಗಿರಣಿಯವರ ಅಳಿಯ" ಎಂದೆ.

ಹಿಂದೆ ಹಿಟ್ಟಿನ ಚೀಲ ಹೊತ್ತು ಬರುತ್ತಿದ್ದ ಮಾವನಿಗೆ ಅದು ಕೇಳಿಸಿತು. ಚೀಲವನ್ನು ಖಾಲಿ ಅಡಿಗೆಮನೆಯ ಮೂಲೆಯಲ್ಲಿಟ್ಟು, ನಲ್ಲಿ ತಿರುವಿ ನೀರು ಬರುತ್ತದೆಯೇ ಎಂದು ನೋಡಿದರು.

ಅವರನ್ನು ಮನೆಗೆ ಬಿಡಲು ಹೊರಟಾಗ ಗೇಟಿನ ಹತ್ತಿರ, ಹಳಿಯ ಮೇಲೆ ಗಾಡಿ ನೆಗೆಯಿತು. ಎಡಭುಜದ ಮೇಲೆ ಕೈ ಬಂದು ಕೂತಿತು. ನನ್ನನ್ನು ಸುಡುತ್ತದೆ ಎಂದು ನಾನೇ ಊರ ಮುಂದೆ ಸಾರಿದ್ದ ಕೈ ಅದು. ಹಗುರಾಗಿತ್ತು. ನಾಚಿಕೆಯಿಂದ ನಾನು ಹಿಂತಿರುಗಿ ನೋಡಲಿಲ್ಲ. ಗಿರಣಿ ಬರುವವರೆಗೂ ಗಾಡಿಯನ್ನು ಸಾವಕಾಶ ಓಡಿಸಿದೆ.