ದಾನಿಯ ಎತ್ತಿಗೆ ಲಾಳ ಕಟ್ಟದ ಕುಲುಮೆ

1936ರಲ್ಲಿ ನಾನು ನಾಗಮಂಗಲ ತಾಲ್ಲೂಕಿನ ವೆಟರ್ನರಿ ಇನ್ಸ್‌ಪೆಕ್ಟರ್ ಆಗಿದ್ದೆ. ದೇವಲಾಪುರದ ಹೊರಗೆ, ಮಾಲೀಕರು ಕೈಬಿಟ್ಟ ಕುಂಟು ದನಗಳಿಗೆಂದು ಊರವರೇ ನಡೆಸುತ್ತಿದ್ದ ಒಂದು ಕೊಟ್ಟಿಗೆ ಇತ್ತು. ವಾರಕ್ಕೊಮ್ಮೆ ಹೋಗಿ ಔಷಧ ಹಚ್ಚಿ ಬರುತ್ತಿದ್ದೆ. ಅದರ ದೊಡ್ಡ ದಾನಿ ಗಾಡಿ ಕಂಟ್ರಾಕ್ಟರ್ ಚನ್ನೇಗೌಡ. ಮಾಡಿನ ತಗಡು ಅವನದು, ಹುಲ್ಲಿನ ಬಣವೆ ಅವನದು. ತಗಡಿನ ಮೇಲೆ ತನ್ನ ಹೆಸರನ್ನೂ ದಪ್ಪಕ್ಷರದಲ್ಲಿ ಬರೆಸಿದ್ದ. ದನಗಳಿಗೆ ಓದು ಬಾರದು ಎಂಬುದೊಂದೇ ಅವನ ಕೊರಗು.

ಸುಗ್ಗಿಯ ಕಾಲ. ಒಂದು ಬೆಳಿಗ್ಗೆ ಅವನು ಜಲ್ಲಿ ಗಾಡಿ ಎಳೆಯುವ ತನ್ನ ಬಿಳಿ ಎತ್ತನ್ನು ಕಮ್ಮಾರ ಕಾಳಾಚಾರಿಯ ಕುಲುಮೆಗೆ ಲಾಳ ಕಟ್ಟಿಸಲು ತಂದ. ನಾನೂ ಅಲ್ಲಿದ್ದೆ. ಲಾಳ ಕಟ್ಟಲು ಎತ್ತಿನ ಕಾಲಿಗೆ ಹಗ್ಗ ಹಾಕಿ ಕೆಡವಬೇಕು. ಕೆಡವಿದಾಗ ಹೆಗಲಿಗೆ ಹೊದಿಸಿದ್ದ ಬಣ್ಣದ ಬಟ್ಟೆ ಜಾರಿತು. ಅಡಿಯಲ್ಲಿ ಅಂಗೈಯಗಲದ ಯೋಕ್ ಗಾಲ್, ಅಂದರೆ ನೊಗ ಉಜ್ಜಿ ಆಗುವ ಹುಣ್ಣು. ಮೇಲೆ ಅರಿಶಿನ ಮೆತ್ತಿದ್ದರೂ ಕೀವು ಒಸರುತ್ತಿತ್ತು. ಇನ್ನು ನೊಗ ಹೊತ್ತರೆ ಆ ಎತ್ತು ಉಳಿಯುತ್ತಿರಲಿಲ್ಲ.

ಕಾಳಾಚಾರಿ ಸುತ್ತಿಗೆ ಕೆಳಗಿಟ್ಟ. "ಎತ್ತ ಏಳ್ಸಿ. ಇದ್ಕೆ ನಾನು ಲಾಳ ಕಟ್ಟಾಕಿಲ್ಲ."

"ಯಾರ ಮುಂದೆ ಮಾತಾಡ್ತಿದ್ದೀಯ ಗೊತ್ತೇನ್ಲಾ?" ಗೌಡ ಗದರಿದ.

"ಗೊತ್ತು ಕಣಣ್ಣ. ಕೊಟ್ಟಿಗೆ ಯಜಮಾನ್ರು ಅಂತ್ಲೇ ಯೋಳ್ತಿರಾದು. ಅಲ್ಲಿಗೇ ಓಗ್ಲಿ ಬುಡಿ ಎತ್ತು."

ಗೌಡ ನನ್ನತ್ತ ತಿರುಗಿದ. "ಸ್ವಾಮಿ, ಎತ್ತು ಗಟ್ಟಿಯಾಗೈತೆ ಅಂತ ಬರ್ಕೊಡಿ. ಇಲ್ದಿದ್ರೆ ನಾಳೆನೇ ತಗಡು ಕೀಳುಸ್ಬುಡ್ತೀನಿ."

ಕೊಟ್ಟಿಗೆಯ ದನಗಳೆಲ್ಲ ಕಣ್ಣೆದುರು ಬಂದವು. ಭಯವಾಯಿತು, ಸುಳ್ಳೇಕೆ ಹೇಳಲಿ? ಆದರೂ ಸಿಟ್ಟು ದೊಡ್ಡದಾಗಿತ್ತು. "ಕೀಳಿಸಿ. ಎತ್ತಿಗೆ ನೊಗ ಇಟ್ಟರೆ ಕೇಸು ಹಾಕುತ್ತೇನೆ" ಎಂದೆ.

ಅವನು ಎತ್ತನ್ನು ಅಲ್ಲೇ ಬಿಟ್ಟು ಹೋದ. ನಾವು ಅದನ್ನು ಕೊಟ್ಟಿಗೆಗೆ ಹೊಡೆದುಕೊಂಡು ಹೋದೆವು. ಮಾತಿಗೆ ತಪ್ಪಲಿಲ್ಲ, ಮರುದಿನ ತಗಡೂ ಹೋಯಿತು, ಬಣವೆಯೂ ಹೋಯಿತು. ದನಗಳು ಬಿಸಿಲಲ್ಲಿ ಖಾಲಿ ಗೋದಲಿ ನೆಕ್ಕುತ್ತಾ ನಿಂತವು. ನನ್ನ ಮೇಲಧಿಕಾರಿಗೆ ದೂರೂ ಹೋಯಿತು.

ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವಾಗ ಕಮ್ಮಾರನಿಗೆ ವರ್ಷದ ಕೂಲಿಯಾಗಿ ರಾಗಿ ಕೊಡುತ್ತಾರೆ. ಅದಕ್ಕೆ ಆಯ ಎನ್ನುವುದು. ಕಮ್ಮಾರ ಆಯ ಮುಟ್ಟದಿದ್ದರೆ ಆ ಮನೆಯ ನೇಗಿಲ ಗುಳಕ್ಕೆ ಮೊನೆಯಿಲ್ಲ, ಊರಲ್ಲಿ ಮಾನವೂ ಇಲ್ಲ. ಕಾಳಾಚಾರಿ ಕಣ ಕಣಕ್ಕೂ ಹೋಗಿ ಕೈಕಟ್ಟಿ ನಿಂತ. "ಕೊಟ್ಟಿಗೆಗೆ ಒಂದೊರೆ ಉಲ್ಲು ಕೊಡಿ. ಆಮ್ಯಾಕೆ ನನ್ನ ಆಯ."

ಕೆಲವರು ನಕ್ಕರು, ಕೆಲವರು ಬೈದರು. ಹುಲ್ಲು ಮಾತ್ರ ಬಂತು. ಸುಗ್ಗಿ ಮುಗಿಯುವಷ್ಟರಲ್ಲಿ ಗೌಡನದಕ್ಕಿಂತ ಎತ್ತರದ ಬಣವೆ ಎದ್ದಿತ್ತು. ತಗಡಿನ ಜಾಗಕ್ಕೆ ತೆಂಗಿನ ಗರಿ ಬಂತು. ಎತ್ತಿನ ಹುಣ್ಣೂ ಮಾಯುತ್ತಾ ಬಂತು.

ಕೊನೆಗೆ ಉಳಿದದ್ದು ಗೌಡನ ಕಣ. ಅಲ್ಲಿಗೆ ಕಾಳಾಚಾರಿ ಹೋಗಲೇ ಇಲ್ಲ. ಮುಂಗಾರು ಹತ್ತಿರವಾದಾಗ ಮೊಂಡು ಗುಳಗಳನ್ನೂ ಒಂದು ಗಾಡಿ ಹುಲ್ಲನ್ನೂ ಹೇರಿಕೊಂಡು ಗೌಡನೇ ಕುಲುಮೆಗೆ ಬಂದ. ಗಾಡಿಯಲ್ಲಿ ಹೆಸರು ಬರೆದ ತಗಡುಗಳೂ ಇದ್ದವು.

"ತಗಡು ನಿಮ್ಮನೇಲೇ ಇರ್ಲಿ" ಎಂದ ಕಾಳಾಚಾರಿ. "ಉಲ್ಲ ನೀವೇ ಒತ್ಕೊಂಡೋಗಿ ಆ ಬಿಳಿ ಎತ್ತಿನ ಮುಂದಾಕ್ಬುಟ್ಟು ಬನ್ನಿ. ಅಷ್ಟ್ರಲ್ಲಿ ಕುಲುಮೆ ಊದಿರ್ತೀನಿ."

ಗೌಡ ಹೊರೆ ಹೊತ್ತ. ಊರೆಲ್ಲ ನೋಡಿತು. ನನಗೆ ಹೊಟ್ಟೆ ತಂಪಾಯಿತು.

ಆಮೇಲೆ ಎಷ್ಟೋ ದಯಾಸಂಘಗಳಿಗೆ ದಾನ ಕೇಳಿದ್ದೇನೆ, ನಾಚಿಕೆಯಿಲ್ಲದೆ ಕೇಳಿದ್ದೇನೆ. ಆದರೆ ಕೊಡುವವರ ಮನೆಗೆ ಹೋದರೆ ಮೊದಲು ಅವರ ಕೊಟ್ಟಿಗೆಗೆ ನುಗ್ಗಿ ಎತ್ತಿನ ಹೆಗಲ ಬಟ್ಟೆ ಎತ್ತಿ ನೋಡುತ್ತಿದ್ದೆ.