ಮನೋಳಿಯ ಎರಡು ಸೀಟಿ

೧೯೯೭ರ ಬೇಸಿಗೆ. ಆಗ ನಾನು ಬೈಲಹೊಂಗಲದಿಂದ ಸವದತ್ತಿ, ಮನೋಳಿ, ಸಾಲಹಳ್ಳಿ ಮೇಲೆ ರಾಮದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಸೇವೆಗೆ ಸೇರಿ ಹನ್ನೊಂದು ವರ್ಷವಾಗಿತ್ತು. ನನ್ನ ಸರ್ವಿಸ್ ಬುಕ್ಕಿನಲ್ಲಿ ಒಂದೇ ಒಂದು ಕೆಂಪು ಗೆರೆಯೂ ಇರಲಿಲ್ಲ. ಸರ್ವಿಸ್ ಬುಕ್ ಎಂದರೆ ನೌಕರನ ಜಾತಕ. ಅದರಲ್ಲಿ ಕೆಂಪು ಶಾಯಿ ಬಿದ್ದರೆ ನಿವೃತ್ತಿಯ ದಿನದವರೆಗೂ ಬೆನ್ನು ಬಿಡುವುದಿಲ್ಲ. ನನ್ನದರಲ್ಲಿ ಅದನ್ನು ಬೀಳಿಸಿದವರು ಇಬ್ಬರು, ಆರು ವರ್ಷದ ಒಬ್ಬ ಹುಡುಗಿ ಮತ್ತು ಅವಳ ಅಪ್ಪ. ಹುಡುಗಿಯ ಮೇಲೆ ಈಗ ಸಿಟ್ಟಿಲ್ಲ. ಅಪ್ಪನ ಮೇಲೆ ಇದೆ, ಇವತ್ತಿಗೂ ಇದೆ.

ಮೊದಲು ಸೀಟಿಯ ವಿಷಯ ಹೇಳಬೇಕು. ನಮ್ಮ ಕಡೆ ವಿಸಲ್ಲಿಗೆ ಸೀಟಿ ಎನ್ನುತ್ತಾರೆ. ಕಂಡಕ್ಟರ್ ಮತ್ತು ಡ್ರೈವರ್ ನಡುವೆ ಇರುವುದು ಅದೊಂದೇ ಭಾಷೆ. ಒಂದು ಸೀಟಿ ಊದಿದರೆ ನಿಲ್ಲಿಸು, ಎರಡು ಊದಿದರೆ ಬಿಡು. ಜನ ಕಿಕ್ಕಿರಿದ ಬಸ್ಸಿನಲ್ಲಿ ಡ್ರೈವರ್‌ಗೆ ಹಿಂದಿನ ಬಾಗಿಲು ಕಾಣುವುದಿಲ್ಲ, ಹಿಂದಿನ ಏಣಿಯಂತೂ ಕನ್ನಡಿಯಲ್ಲೂ ಕಾಣುವುದಿಲ್ಲ. ಅವನು ಕಿವಿಯನ್ನೇ ನಂಬಿ ಗೇರು ಹಾಕುತ್ತಾನೆ. ನನ್ನ ಡ್ರೈವರ್ ಇಮಾಮಸಾಬ ನನಗಿಂತ ಹಿರಿಯ. ಐದು ವರ್ಷ ಒಟ್ಟಿಗೆ ದುಡಿದಿದ್ದೆವು. ನನ್ನ ಸೀಟಿಗೆ ಅವನ ಕಾಲು ತಾನಾಗಿಯೇ ಕ್ಲಚ್ಚಿನ ಮೇಲೆ ಹೋಗುತ್ತಿತ್ತು.

ಆ ದಿನ ಮಧ್ಯಾಹ್ನ ಸವದತ್ತಿಯಲ್ಲಿ ರಾಮದುರ್ಗದ ಬಟ್ಟೆ ವ್ಯಾಪಾರಿ ಚಂದ್ರಶೇಖರಪ್ಪ ಮಗಳೊಂದಿಗೆ ಹತ್ತಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಮಗಳ ಹೆಸರು ಸುಮಂಗಲಾ. ನಿಲ್ದಾಣದಲ್ಲಿ ಕೊಡಿಸಿದ ಹಸಿರು ಪ್ಲಾಸ್ಟಿಕ್ ಸೀಟಿ ಅವಳ ಬಾಯಲ್ಲಿತ್ತು. ಊರು ದಾಟಿದ್ದೇ ತಡ, ಹುಡುಗಿ ಆಸನದ ಮೇಲೆ ನಿಂತು ಊದಲು ಶುರುಮಾಡಿದಳು. ಜೋಳದ ಹೊಲಗಳ ನಡುವೆ ಅವಳ ಒಂದು ಸೀಟಿಗೆ ಇಮಾಮಸಾಬ ಗಕ್ಕನೆ ಬ್ರೇಕ್ ಹಾಕಿದ. ಇಳಿಯುವವರು ಯಾರೂ ಇರಲಿಲ್ಲ. ಇಡೀ ಬಸ್ಸು ನಕ್ಕಿತು, ಎಲ್ಲರಿಗಿಂತ ಜೋರಾಗಿ ನಕ್ಕವನು ಅವಳ ಅಪ್ಪ.

ನಾನು ಹೋಗಿ ಕೈ ಜೋಡಿಸಿ ಹೇಳಿದೆ, "ಅಣ್ಣಾರ, ಆ ಸೀಟಿ ಸ್ವಲ್ಪ ಇಸಗೊಂಡ ಇಟಗೋರಿ. ಗಾಡಿ ಹೆಚ್ಚು ಕಡಿಮಿ ಆಗತೈತಿ."

"ಕೂಸು ಆಡಾಕ ಹತ್ತೈತಿ, ನಿಮಗ್ಯಾಕ ಉರಿ?" ಎಂದ. "ನಿಮ್ಮ ಸೀಟಿ ಸರ್ಕಾರದ್ದು. ನಮ್ಮ ಸೀಟಿ ನಾವು ರೊಕ್ಕಾ ಕೊಟ್ಟ ತಗೊಂಡದ್ದು."

ಮತ್ತೆ ನಗು. ನನ್ನ ಮೈ ಉರಿಯಿತು. ಆದರೆ ನಮಗೆ ತರಬೇತಿಯಲ್ಲಿ ಹೇಳಿಕೊಟ್ಟದ್ದು ಒಂದೇ: ಪ್ರಯಾಣಿಕರ ಮಕ್ಕಳ ಮೈ ಮುಟ್ಟಬೇಡ, ಬಾಯಲ್ಲಿ ಹೇಳು. ಬಾಯಲ್ಲಿ ಎರಡು ಸಲ ಹೇಳಿದೆ. ಎರಡನೆಯ ಸಲ ಹುಡುಗಿ ನನ್ನ ಮುಖಕ್ಕೇ ಊದಿದಳು. ಅಪ್ಪ ಅವಳ ಬೆನ್ನು ತಟ್ಟಿದ.

ಮನೋಳಿಯಲ್ಲಿ ಒಬ್ಬ ರೈತನ ಚೀಲ ಟಾಪಿನಿಂದ ಇಳಿಸಬೇಕಿತ್ತು. ಬಸ್ಸಿನ ಮಾಳಿಗೆಗೆ ನಾವು ಟಾಪು ಎನ್ನುತ್ತಿದ್ದೆವು. ಏಣಿ ಹತ್ತುವ ಮುನ್ನ ಡ್ರೈವರ್ ಬಳಿ ಹೋಗಿ 'ಮೇಲೆ ಹೋಗುತ್ತೇನೆ' ಎಂದು ಹೇಳಬೇಕೆಂಬ ನಿಯಮವಿತ್ತು. ನಿಯಮ ಪುಸ್ತಕದಲ್ಲಿತ್ತು, ಯಾರೂ ಹೇಳುತ್ತಿರಲಿಲ್ಲ. ನನ್ನ ಸೀಟಿ ನನ್ನ ಕೊರಳಲ್ಲೇ ಇರುವಾಗ ಬಸ್ಸು ಎಲ್ಲಿಗೆ ಹೋದೀತು ಎಂಬ ಧೈರ್ಯ. ಚೀಲ ಇಳಿಸಿ ಕೊಟ್ಟು ಏಣಿಯ ನಡುಭಾಗಕ್ಕೆ ಬಂದಿದ್ದೆ. ಒಳಗಿನಿಂದ ಎರಡು ಸೀಟಿ ಕೇಳಿಸಿತು. ಬಸ್ಸು ಜಿಗಿಯಿತು. ನಾನು ಡಾಂಬರಿನ ಮೇಲೆ ಬಿದ್ದೆ.

ಎಡ ಮೊಣಕಾಲು ಚೂರಾಯಿತು. ನಾಲ್ಕು ತಿಂಗಳು ಹಾಸಿಗೆ. ಆಮೇಲೆ ಇಲಾಖಾ ವಿಚಾರಣೆ ನಡೆಯಿತು. ಇಮಾಮಸಾಬ ಸುಳ್ಳು ಹೇಳುವ ಮನುಷ್ಯನಲ್ಲ. "ಹಾದ್ಯಾಗ ಕೂಸು ಊದಿದ್ದು ಖರೇ. ಮನೋಳ್ಯಾಗ ಯಾರು ಊದಿದ್ರು ಅನ್ನೂದು ನಾ ನೋಡಿಲ್ರಿ, ಎರಡ ಸೀಟಿ ಕೇಳ್ತು, ಬಿಟ್ಟೆ" ಎಂದ. ಬಸ್ಸಿನಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕ ಅಷ್ಟು ಜನರಲ್ಲಿ ಒಬ್ಬನೂ ಸಾಕ್ಷಿಗೆ ಬರಲಿಲ್ಲ. ಬಂದವನು ಚಂದ್ರಶೇಖರಪ್ಪ ಒಬ್ಬನೇ. ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟ: 'ನನ್ನ ಮಗಳ ಸೀಟಿ ಮನೋಳಿಗಿಂತ ಮುಂಚೆಯೇ ಕಿಟಕಿಯಿಂದ ಬಿದ್ದುಹೋಗಿತ್ತು. ಕಂಡಕ್ಟರ್ ಏಣಿಯ ಮೇಲಿನಿಂದ ತಾವೇ ಎರಡು ಸಲ ಊದಿದ್ದನ್ನು ಕಣ್ಣಾರೆ ಕಂಡಿದ್ದೇನೆ.' ಕೆಳಗೆ ಪೂರ್ತಿ ಹೆಸರು, ವಿಳಾಸ, ಸಹಿ.

ನಿಯಮ ಪಾಲಿಸದೆ ಏಣಿ ಹತ್ತಿದ್ದನ್ನು ನಾನು ಒಪ್ಪಿಕೊಂಡೆ. ಸೀಟಿ ಊದಿದ್ದನ್ನು ಒಪ್ಪಲಿಲ್ಲ. ವಿಚಾರಣಾಧಿಕಾರಿ ತಲೆಯೆತ್ತದೆ, "ಸೀಟಿ ಇದ್ದದ್ದು ನಿಮ್ಮ ಕೊರಳಾಗ ಅಲ್ರಿ?" ಎಂದರು. ಸರ್ವಿಸ್ ಬುಕ್ಕಿನಲ್ಲಿ ಕೆಂಪು ಶಾಯಿಯಿಂದ ಬರೆದರು: ಕರ್ತವ್ಯದಲ್ಲಿ ನಿರ್ಲಕ್ಷ್ಯ, ಸ್ವಯಂಕೃತ ಅಪಘಾತ.

ಕಾಲು ಮಡಚಲು ಬಾರದವನು ಬಸ್ಸಿನಲ್ಲಿ ಟಿಕೆಟ್ ಹರಿಯಲಾರ. ನನಗೆ ಲೈಟ್ ಡ್ಯೂಟಿ ಎಂದು ನಿಲ್ದಾಣದ ಕಂಟ್ರೋಲ್ ರೂಮಿನಲ್ಲಿ ಕೂರಿಸಿದರು. ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆಯುವುದು, ಮೈಕಿನಲ್ಲಿ ಕೂಗುವುದು ಇಷ್ಟೇ ಕೆಲಸ. ಹೊಸ ಹುಡುಗರು ಬೆನ್ನ ಹಿಂದೆ 'ತನಗ ತಾನೇ ರೈಟ್ ಹೇಳಿ ಬಿದ್ದಾವ' ಎಂದು ನಗುತ್ತಿದ್ದರು. ಪ್ರತಿ ನಗುವಿಗೂ ನಾನು ಚಂದ್ರಶೇಖರಪ್ಪನ ಹೆಸರು ನೆನೆಯುತ್ತಿದ್ದೆ. ಅವನ ಹೇಳಿಕೆಯ ಜೆರಾಕ್ಸ್ ಪ್ರತಿ ನನ್ನ ಮೇಜಿನ ಡ್ರಾದಲ್ಲಿತ್ತು. ಒಮ್ಮೆ ನನ್ನ ಕೈಗೆ ಸಿಗಲಿ, ಕೈಕಾಲು ಮುರಿಯುವುದಿಲ್ಲ, ನನ್ನ ಮುಂದೆ ಕೈ ಮುಗಿದು ನಿಲ್ಲುವ ಹಾಗೆ ಮಾಡುತ್ತೇನೆ ಎಂದುಕೊಂಡಿದ್ದೆ. ಮನೆಯಲ್ಲಿ ಹೆಂಡತಿ, "ಹಾಲಿಗೆ ಬಿದ್ದ ನೊಣಾ ತಗದ ಒಗೀರಿ, ಇನ್ನೆಷ್ಟ ದಿನಾ ನೋಡ್ಕೋತ ಕುಂದರತೀರಿ" ಎನ್ನುತ್ತಿದ್ದಳು. ನಾನು ನೋಡುತ್ತಲೇ ಕುಳಿತೆ. ಆರು ವರ್ಷ ಹೀಗೇ ಕಳೆಯಿತು.

೨೦೦೩ರಲ್ಲಿ ನಾನು ಸವದತ್ತಿಯ ನಿಲ್ದಾಣದಲ್ಲಿದ್ದೆ. ಒಂದು ಮಧ್ಯಾಹ್ನ, ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ ಐದು ನಿಮಿಷ. ನಾನು ಪುಸ್ತಕದಲ್ಲಿ ಧಾರವಾಡದ ಬಸ್ಸು ಬರೆಯುತ್ತಿದ್ದೆ. ಇದ್ದಕ್ಕಿದ್ದಂತೆ ಹೊರಗಿನ ಸ್ಪೀಕರುಗಳಲ್ಲಿ, "ಹಲೋ, ಹಲೋ, ಬರ್ರಿ, ಎಲ್ಲಾರೂ ಬರ್ರಿ!" ಎಂಬ ಎಳೆಯ ದನಿ ಕೇಳಿತು. ತಿರುಗಿ ನೋಡಿದರೆ ನಾಲ್ಕೈದು ವರ್ಷದ ಹುಡುಗನೊಬ್ಬ ಹಿಂಬಾಗಿಲಿನಿಂದ ನುಗ್ಗಿ, ಮೈಕಿನ ಗುಂಡಿ ಒತ್ತಿ ಹಿಡಿದಿದ್ದ. ಅಂಗಿಯೆಲ್ಲ ಒದ್ದೆ, ನಳದ ಹತ್ತಿರ ಜನರಿಗೆ ನೀರು ಸಿಡಿಸಿ ಓಡಿ ಬಂದಿದ್ದ. ಎದ್ದು, ಗುಂಡಿಯಿಂದ ಅವನ ಕೈ ಬಿಡಿಸಿ, ಹೊರಗೆ ಹಾಕಬೇಕೆಂದು ಕಿವಿ ಹಿಡಿದೆ.

"ಯಾರ ಮಗಾಪಾ ನೀ? ನಿಮ್ಮಪ್ಪನ ಹೆಸರೇನು?"

"ಚಂದ್ರಶೇಖರಪ್ಪ. ರಾಮದುರ್ಗ. ನಮ್ದು ಬಟ್ಟಿ ಅಂಗಡಿ ಐತಿ."

ನನ್ನ ಕೈ ಅವನ ಕಿವಿಯಿಂದ ತಾನಾಗಿಯೇ ಜಾರಿತು. ತಪ್ಪಿಸಿಕೊಂಡ ಮಗು ಸಿಕ್ಕರೆ ಆ ಕ್ಷಣವೇ ಮೈಕಿನಲ್ಲಿ ಹೇಳಬೇಕು, ಅದು ನಮ್ಮ ಕೆಲಸದ ಮೊದಲ ಪಾಠ. ನಾನು ಮೈಕು ಮುಟ್ಟಲಿಲ್ಲ. ಹುಡುಗನನ್ನು ಒಳಕೋಣೆಗೆ, ಡ್ರೈವರುಗಳು ಮಲಗುವ ಜಾಗಕ್ಕೆ ಕರೆದೊಯ್ದು ಮಂಚದ ಮೇಲೆ ಕೂರಿಸಿದೆ. ನನ್ನ ಡಬ್ಬಿಯ ಚುರುಮುರಿ ಕೊಟ್ಟೆ. "ನಿಮ್ಮಪ್ಪ ಬರತಾನ. ಅಲ್ಲೀತನ ಕೂಗಬ್ಯಾಡ" ಎಂದು ಹೇಳಿ ಬಾಗಿಲು ಮುಂದಕ್ಕೆ ಎಳೆದೆ. ಹುಡುಗ ಆರಾಮಾಗಿ ತಿನ್ನತೊಡಗಿದ.

ಆಮೇಲೆ ಜಾಲರಿಯ ಕಿಟಕಿಯಿಂದ ನೋಡುತ್ತ ಕುಳಿತೆ. ಬಸ್ಸುಗಳ ಗದ್ದಲದಲ್ಲಿ ಸ್ಪೀಕರಿನ ದನಿ ಮಗನದೆಂದು ಚಂದ್ರಶೇಖರಪ್ಪನಿಗೆ ತಿಳಿದಿರಲಿಲ್ಲ. ಮೊದಲು ನಡೆದ, ಆಮೇಲೆ ಓಡಿದ. ನಿಂತ ಬಸ್ಸುಗಳ ಅಡಿಗೆ ಬಗ್ಗಿ ನೋಡಿದ. ಬಿಳಿ ಅಂಗಿ ಬೆವರಿಗೆ ಮೈಗಂಟಿತ್ತು. ನನಗೆ ಸಂತೋಷವಾಯಿತು. ಆರು ವರ್ಷಗಳಲ್ಲಿ ಅಷ್ಟು ಸಂತೋಷ ನನಗೆ ಆಗಿರಲಿಲ್ಲ.

ಕೊನೆಗೆ ನನ್ನ ಕಿಟಕಿಗೆ ಬಂದ. ಗುರುತು ಹಿಡಿಯಲಿಲ್ಲ. ಕೈ ಮುಗಿದು, "ಸಾಹೇಬ್ರ, ನಮ್ಮ ಹುಡುಗ ಕಾಣವಲ್ಲ. ಮೈಕಿನ್ಯಾಗ ಲಗೂನ ಒಂದ ಮಾತ ಹೇಳ್ರಿ" ಎಂದ.

"ಬರದ ಕೊಡ್ರಿ" ಎಂದೆ.

"ಏನ ಬರೀಲ್ರಿ?"

"ಹುಡುಗನ ಹೆಸರು, ವಯಸ್ಸು, ಅಂಗಿ ಬಣ್ಣಾ. ಯಾವಾಗ ಬಿಟ್ರಿ, ಯಾಕ ಬಿಟ್ರಿ. ಕೆಳಗ ಪೂರ್ತಿ ಹೆಸರು, ವಿಳಾಸ, ಸಹಿ. ನಿಮ್ಮ ಅಕ್ಷರ ಚಲೋ ಇರಬೇಕಲ್ಲ."

ಇಂಥ ಅರ್ಜಿಯ ಪದ್ಧತಿ ಯಾವ ನಿಲ್ದಾಣದಲ್ಲೂ ಇಲ್ಲ, ನಾನೇ ಹುಟ್ಟಿಸಿದೆ. ಅವನು ಬರೆದುಕೊಟ್ಟ, ಆ ದುಂಡಗಿನ ಅಕ್ಷರ ಈ ಸಲ ಸೊಟ್ಟಗಾಗಿತ್ತು. ಓದಿ, ಸಾಕ್ಷಿಯ ಸಹಿ ಇಲ್ಲ ಎಂದು ಹಿಂತಿರುಗಿಸಿದೆ. "ಕಣ್ಣಾರೆ ಕಂಡಾವ್ರು ಯಾರರ ಇದ್ರ ಕರಕೊಂಡ ಬರ್ರಿ" ಎಂದೆ. ಅವನು ಜನರ ಕೈ ಹಿಡಿದು ಬೇಡಿಕೊಳ್ಳುತ್ತ ಹೋದ. ಯಾರು ನಿಲ್ಲುತ್ತಾರೆ? ಸಾಕ್ಷಿ ಬರದಿದ್ದರೆ ಹೇಗಿರುತ್ತದೆ ಎಂಬುದು ಅವನಿಗೂ ಗೊತ್ತಾಗಲಿ ಎಂದುಕೊಂಡೆ. ಗಡಿಯಾರ ಮೂರೂ ಮೂವತ್ತೈದು ತೋರಿಸುತ್ತಿತ್ತು.

ಆಗ ಕಿಟಕಿಯ ಹತ್ತಿರ ಒಬ್ಬ ಹುಡುಗಿ ಬಂದು ನಿಂತಳು. ಹನ್ನೆರಡು ವರ್ಷ ಇರಬೇಕು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ಅವಳು ನನ್ನ ಮುಖ ನೋಡಲಿಲ್ಲ. ಸ್ಟೂಲಿನ ಮೇಲೆ ನೆಟ್ಟಗೆ ಚಾಚಿಟ್ಟ ನನ್ನ ಎಡಗಾಲನ್ನೇ ನೋಡಿದಳು.

"ನೀವು ಮನೋಳ್ಯಾಗ ಬಿದ್ದ ಕಂಡಕ್ಟರ್ ಅಲ್ರಿ, ಕಾಕಾ?"

ನಾನು ಕಾಲನ್ನು ಸ್ಟೂಲಿನಿಂದ ಕೆಳಗಿಳಿಸಿದೆ.

"ಅವತ್ತ ಸೀಟಿ ಊದಿದ್ದು ನಾನರಿ. ಅಪ್ಪಾ ಕಸಗೊಂಡ ಕಿಸೆದಾಗ ಇಟಗೊಂಡ. ಮನಿಗೆ ಹೋಗಿ ಒಲಿಗೆ ಹಾಕಿದ. ಯಾರ ಮುಂದೂ ಹೇಳಬ್ಯಾಡ ಅಂದ." ಅವಳು ಬಿಕ್ಕಿದಳು. "ಅದಕ್ಕ ದೇವ್ರು ನಮ್ಮ ತಮ್ಮನ್ನ ಕಸಗೊಂಡಾನ ಅಂತ ಅನಸ್ತೈತ್ರಿ. ನಾ ಎಲ್ಲಾ ಬರದ ಕೊಡತೇನಿ, ಸಹಿ ಮಾಡತೇನಿ. ನೀವು ಮೈಕಿನ್ಯಾಗ ಹೇಳ್ರಿ, ಕಾಕಾ."

ಕಿಟಕಿಯ ಕಟ್ಟೆಯ ಮೇಲೆ ಅಪ್ಪ ಬಿಟ್ಟುಹೋದ ಕಾಗದದ ಹಿಂಬದಿ ತಿರುಗಿಸಿ, ಅವನದೇ ಪೆನ್ನು ಹಿಡಿದು ನಿಂತೇಬಿಟ್ಟಳು. ಆರು ವರ್ಷ ನಾನು ಬಯಸಿದ್ದು ಅದೇ. ಆ ಒಂದು ಹಾಳೆಯಿದ್ದರೆ ಮೇಲಧಿಕಾರಿಗಳಿಗೆ ಅಪೀಲು ಹೋಗಬಹುದಿತ್ತು, ಕೆಂಪು ಗೆರೆ ಹೊಡೆಸಿ ಹಾಕಬಹುದಿತ್ತು. ಆದರೆ ಅವಳ ಅಳು ನೋಡಲಾಗಲಿಲ್ಲ. ಎದ್ದು ಒಳಕೋಣೆಯ ಬಾಗಿಲು ತೆಗೆದೆ. ಹುಡುಗ ಬಾಯಿಗೆ ಚುರುಮುರಿ ಮೆತ್ತಿಕೊಂಡು ಹಿಂಬಾಗಿಲಿನಿಂದ ಅಕ್ಕನ ಹತ್ತಿರ ಓಡಿದ.

ಅಕ್ಕ ಅವನನ್ನು ಅಪ್ಪಿಕೊಂಡು ಮುಖವೆಲ್ಲ ಸವರಿದಳು. ನನ್ನ ಬಾಯಿಂದ, "ಈಗಷ್ಟ ಬಂದಾ ನೋಡವಾ" ಎಂಬ ಮಾತು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

"ಇಲ್ಲಕ್ಕಾ" ಎಂದ ಹುಡುಗ. "ನಾ ಆವಾಗಿಂದ ಇಲ್ಲೇ ಅದೇನಿ. ಕೂಗಬ್ಯಾಡ ಅಂದ್ರು ಈ ಕಾಕಾ."

ಹುಡುಗಿ ಅವನನ್ನು ನೋಡಿದಳು, ಗೋಡೆಯ ಗಡಿಯಾರ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಆದರೂ ಪೆನ್ನು ಕೆಳಗಿಡಲಿಲ್ಲ. ಮಾತು ಕೊಟ್ಟಿದ್ದಳು, ಬರೆಯಲು ತಯಾರಾಗಿಯೇ ಕೇಳಿದಳು:

"ಕಾಕಾ, ಇದನ್ನೂ ಬರೀಬೇಕೇನ್ರಿ? ತಮ್ಮ ಎಷ್ಟೊತ್ತಿಗೆ ಸಿಕ್ಕಿದ್ದಾ ಅನ್ನೂದು?"

ನಾನು ಅವಳ ಕೈಯಿಂದ ಪೆನ್ನು ತೆಗೆದುಕೊಂಡೆ. ಕಾಗದವನ್ನೂ ತೆಗೆದುಕೊಂಡೆ. "ಏನೂ ಬರೀಬ್ಯಾಡವಾ, ತಮ್ಮನ್ನ ಕರಕೊಂಡ ನಡಿ" ಎಂದೆ.

ಅಷ್ಟರಲ್ಲಿ ಚಂದ್ರಶೇಖರಪ್ಪ ಏದುಸಿರು ಬಿಡುತ್ತ ಬಂದ. ಮಗನನ್ನು ಎತ್ತಿ ಮುದ್ದಾಡಿ ಕೆಳಗಿಳಿಸಿ, ನನಗೆ ಕೈ ಮುಗಿದು, "ದೇವರ ಸಿಕ್ಕಂಗ ಸಿಕ್ರಿ ಸಾಹೇಬ್ರ, ನಿಮ್ಮ ಉಪಕಾರ ಮರಿಯಾಂಗಿಲ್ಲ" ಎಂದ. ಅವನು ನನ್ನ ಮುಂದೆ ಕೈ ಮುಗಿದು ನಿಲ್ಲಬೇಕೆಂದು ನಾನು ಬಯಸಿದ್ದೆ. ನಿಂತಿದ್ದ. ಪಕ್ಕದಲ್ಲಿ ಮಗಳು ನೆಲ ನೋಡುತ್ತಿದ್ದಳು. ಅಪ್ಪನ ಗುಟ್ಟಿನ ಜೊತೆಗೆ ಈಗ ನನ್ನದೊಂದು ಗುಟ್ಟನ್ನೂ ಅವಳು ಹೊರಬೇಕಾಗಿತ್ತು.

ಅವನ ಹೇಳಿಕೆಯ ಜೆರಾಕ್ಸ್ ಪ್ರತಿಯನ್ನು ಆ ಸಂಜೆಯೇ ಹರಿದು ಹಾಕಿದೆ. ಕ್ಷಮಿಸಿದೆ ಎಂದಲ್ಲ. ಅದನ್ನು ಓದಿದಾಗಲೆಲ್ಲ ಕೆಳಗೆ ನನ್ನ ಸಹಿಯೂ ಇದ್ದಂತೆ ಕಾಣುತ್ತದೆ ಎಂದು ಹೆದರಿದೆ. ಕೆಂಪು ಗೆರೆ ನಿವೃತ್ತಿಯವರೆಗೂ ಹಾಗೇ ಉಳಿಯಿತು. ಈಗಲೂ ಬಸ್ಸಿನಲ್ಲಿ ಯಾರದಾದರೂ ಮಗು ಪುಂಡಾಟ ಮಾಡಿ, ಅಪ್ಪ ನಗುತ್ತ ಕುಳಿತಿದ್ದರೆ ನನ್ನ ಮೊಣಕಾಲು ನೋಯುತ್ತದೆ, ಚಂದ್ರಶೇಖರಪ್ಪನಿಗೆ ಮನಸ್ಸಿನಲ್ಲೇ ಎರಡು ಶಾಪ ಹಾಕುತ್ತೇನೆ. ಆ ಸಿಟ್ಟು ನನ್ನ ಜೊತೆಗೇ ಮಣ್ಣಾಗಬೇಕು.

ಕೆಲಸದ ವಿಷಯದಲ್ಲಿ ಆ ಮಧ್ಯಾಹ್ನ ಕಲಿಸಿದ್ದು ಮಾತ್ರ ಬೇರೆ. ಆಮೇಲೆ ಹತ್ತಾರು ಮಕ್ಕಳು ತಪ್ಪಿಸಿಕೊಂಡು ನನ್ನ ಕೋಣೆಗೆ ಬಂದರು, ಮೈಕು ಎಳೆದರು, ಪುಸ್ತಕ ಗೀಚಿದರು. ಪ್ರತಿ ಸಲವೂ ನಾನು ಮೊದಲು ಮೈಕಿನ ಗುಂಡಿ ಒತ್ತಿ ಇಡೀ ನಿಲ್ದಾಣಕ್ಕೆ ಕೇಳುವಂತೆ ಮಗು ಇಲ್ಲಿದೆ ಎಂದು ಕೂಗಿದೆ. ಅಪ್ಪನ ಹೆಸರು ಕೇಳಿದ್ದು ಆಮೇಲೆ.