ರೂತಮ್ಮನ ಗೋಡೆಯ ಮೇಲಿನ ಹೆಸರುಗಳು

ಕಳೆದ ಶನಿವಾರ ನಾನು ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ಒಂದು ಮನೆಗೆ ಹೋಗಿ ಎರಡು ಸುಳ್ಳು ಹೇಳಿ ಬಂದೆ. ಬಾಡಿಗೆಗೆ ಮನೆ ಹುಡುಕುತ್ತಿದ್ದೇನೆ ಎಂಬುದು ಒಂದು. ನನ್ನ ಹೆಸರು ಸರಸ್ವತಿ ಎಂಬುದು ಇನ್ನೊಂದು.

ನನ್ನ ಹೆಸರು ಪದ್ಮ ಎಂದು ವಾರವಾರ ಇದನ್ನು ಓದುವ ನಿಮಗೆ ಗೊತ್ತು. ಬಂಗಾರಪೇಟೆ ಪಕ್ಕದ ನಮ್ಮೂರಿನ ಡೇರಿಯಲ್ಲಿ ವರ್ಷಗಟ್ಟಲೆ ಹಾಲು ಟೆಸ್ಟ್ ಮಾಡಿದವಳು ಎಂಬುದೂ ಗೊತ್ತು. ದಿನಾ ಬೆಳಗ್ಗೆ ಲ್ಯಾಕ್ಟೋಮೀಟರ್ ಹಿಡಿದು ನಿಲ್ಲುವವಳಿಗೆ ಯಾರ ಕ್ಯಾನಿನಲ್ಲಿ ಎಷ್ಟು ನೀರಿದೆಯೋ ಎಂಬ ಗುಮಾನಿ ರಕ್ತಕ್ಕೇ ಇಳಿದುಬಿಡುತ್ತದೆ. (ಸ್ವಂತ ತಮ್ಮನ ಹಾಲನ್ನೂ ಬಿಟ್ಟವಳಲ್ಲ.)

ವಿಷಯ ಇಷ್ಟೇ. ನನ್ನ ಮಗಳು ಚೈತ್ರಾಗೆ ಬೆಳಗಿನ ರೈಲಿನಲ್ಲಿ ಪರಿಚಯವಾದ ಡೇನಿಯಲ್ ಇಷ್ಟವಾಗಿದ್ದಾನೆ. ಲೇತ್ ಕೆಲಸ. ಕೆಟ್ಟ ಚಟ ಇಲ್ಲವಂತೆ. 'ಅಂತೆ' ಎಂದರೆ ನನಗೆ ಸಾಕೇ? ಹುಡುಗನ ಮನೆ ಎಂಥದ್ದು ಎಂದು ಗುಟ್ಟಾಗಿ ವಿಚಾರಿಸಿಕೊಂಡು ಬರುವುದು ನಮ್ಮ ಕಡೆಯ ಪದ್ಧತಿ. ನನ್ನ ಭಯ ಒಂದೇ. ಮದುವೆಯಾದ ಮೇಲೆ ಚೈತ್ರಾಳನ್ನು ಚರ್ಚಿಗೆ ಸೇರಿಸಿ, ಗ್ರೇಸ್ ಎಂದೋ ಮೇರಿ ಎಂದೋ ಹೆಸರು ಬದಲಿಸಿಬಿಟ್ಟರೆ? ನಾನು ಹೆತ್ತು, ನಾನೇ ಹೆಸರಿಟ್ಟ ಮಗಳು ನನ್ನವಳಾಗಿ ಉಳಿಯುತ್ತಾಳೆಯೇ?

ಗಂಡನನ್ನು ಕಳಿಸೋಣವೆಂದರೆ, "ನೀನೇ ಓಗು. ನಾನೋದ್ರೆ ಅವ್ರು ಕೊಟ್ಟ ಕಾಫಿ ಕುಡ್ದು ಒಪ್ಕಂಡು ಬತ್ತೀನಿ" ಎಂದರು. ಅವರು ಅಂಥವರೇ.

ಅವರದು ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಹಳೆಯ ಲೈನ್ ಮನೆ. ಬಾಗಿಲು ತೆರೆದವರು ಹುಡುಗನ ತಾಯಿ ರೂತಮ್ಮ. ನನ್ನ ಎರಡೂ ಸುಳ್ಳು ಕೇಳಿ ಒಂದು ಗಳಿಗೆ ನನ್ನ ಮುಖ ನೋಡಿದರು. "ಖಾಲಿ ಮನೆ ಯಾವ್ದೂ ಇಲ್ಲ ಅಕ್ಕಾ. ಬಿಸಿಲಲ್ಲಿ ಬಂದಿದೀರಿ, ವಾಂಗ, ಒಳಗ್ ಬನ್ನಿ" ಎಂದರು. ಗುರುತು ಪರಿಚಯ ಇಲ್ಲದವರನ್ನು ಯಾರಾದರೂ ಹೀಗೆ ಕರೆಯುತ್ತಾರೆಯೇ? ಅಲ್ಲಿಗೇ ನನಗೆ ಡೌಟು ಶುರುವಾಯಿತು.

ಒಳಗೆ ಗೋಡೆಯ ತುಂಬ ಹೆಸರುಗಳು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆದು ಅಂಟಿಸಿದ್ದು, ಕೆಲವು ತಮಿಳಿನಲ್ಲಿ, ಕೆಲವು ಕನ್ನಡದಲ್ಲಿ. ಎಲ್ಲವೂ ಬೈಬಲ್ಲಿನಲ್ಲಿ ದೇವರಿಗಿರುವ ಹೆಸರುಗಳಂತೆ. ಒಬ್ಬನೇ ದೇವರಿಗೆ ಇಷ್ಟು ಹೆಸರು ಏಕೆ? ಎರಡೆರಡು ಹೆಸರಿನಲ್ಲಿ ಹಾಲು ಹಾಕುವವರನ್ನು ನಾನು ಡೇರಿಯಲ್ಲಿ ಹಿಡಿದಿದ್ದೇನೆ. (ನಮ್ಮಲ್ಲೂ ಸಹಸ್ರನಾಮ ಇದೆ, ಬೈಯಬೇಡಿ. ಆಗ ನೆನಪಾಗಲಿಲ್ಲ.)

ಒಲೆಯ ಮೇಲ್ಗಡೆ 'ಯೆಹೋವ ಯೀರೆ'. ಒದಗಿಸುವವನು ಎಂದರ್ಥವಂತೆ. ಗಣಿ ಮುಚ್ಚಿದಾಗ ಅಂಟಿಸಿದ್ದು, ಹಾಳೆ ಹರಿದಾಗಲೆಲ್ಲ ಹೊಸದಾಗಿ ಬರೆಯುತ್ತಾರಂತೆ.

"ಒದಗಿಸಿದನಾ?" ಎಂದೆ.

"ಇಡ್ಲಿ ಪಾತ್ರೆ ಒದಗಿಸ್ದ ಅಕ್ಕಾ. ಸ್ಕೂಲ್ ಗೇಟಲ್ಲಿ ಇಡ್ಲಿ ಮಾರಿ ಮಗನ್ನ ಓದಿಸ್ದೆ."

ದುಡಿದದ್ದು ಇವರು, ಕ್ರೆಡಿಟ್ಟು ದೇವರಿಗೆ. ಇದ್ಯಾವ ನ್ಯಾಯ?

ಕಿಟಕಿ ಪಕ್ಕ 'ಎಲ್ ರೋಯಿ', ನನ್ನನ್ನು ನೋಡುವ ದೇವರು. ಒಡತಿಯ ಕಾಟ ತಾಳದೆ ಮನೆ ಬಿಟ್ಟು ಓಡಿದ ಬಸುರಿ ಕೆಲಸದಾಕೆ ಹಾಗರಳು ಇಟ್ಟ ಹೆಸರಂತೆ. "ಎಲ್ಲಾ ನೋಡ್ತಾನಾ?" ಎಂದೆ. "ಎಲ್ಲಾನೂ" ಎಂದರು. ನಾನು ಸುಮ್ಮನೆ ಸೆರಗು ಸರಿಮಾಡಿಕೊಂಡೆ.

ಮಂಚದ ಮೇಲ್ಗಡೆ 'ಯೆಹೋವ ರಾಫಾ', ಗುಣಪಡಿಸುವವನು. ಪಕ್ಕದಲ್ಲೇ ಪ್ಲಾಸ್ಟಿಕ್ ಹಾರ ಹಾಕಿದ ಗಂಡನ ಫೋಟೋ. ಸಿಕ್ಕಿಬಿದ್ದರು ಎಂದುಕೊಂಡೆ.

"ಏನಾಗಿತ್ತು?"

"ಗಣಿ ದೂಳು. ಎದೇಲಿ ಕೂತ್ಕೊಂಡ್ಬಿಟ್ಟಿತ್ತು."

"ಗುಣ ಆಗ್ಲಿಲ್ವಲ್ಲ. ಮತ್ತೆ ಈ ಹೆಸರು ಯಾಕೆ ಇಟ್ಕೊಂಡಿದೀರಿ?"

ಕೇಳಬಾರದಿತ್ತು. ಕೇಳಿಬಿಟ್ಟೆ.

ರೂತಮ್ಮ ಸಿಟ್ಟಾಗಲಿಲ್ಲ. "ನಾನೂ ಕಿತ್ತಾಕಿದ್ದೆ. ಒಂದ್ ವರ್ಷ ಗೋಡೆ ಖಾಲಿ ಇತ್ತು. ಆಮೇಲೆ ನಾನೇ ಅಂಟ್ಸಿದೆ. ಗುಣ ಮಾಡೋನು ನಾನು ಅಂತ ಅವ್ನೇ ಹೇಳ್ಕೊಂಡವ್ನೆ ಅಲ್ವಾ ಅಕ್ಕಾ? ಆ ಹೆಸರು ಹಿಡ್ಕೊಂಡೇ ದಿನಾ ಜಗಳ ಆಡ್ತೀನಿ, ಅಳ್ತೀನಿ. ಹೆಸರೇ ಹೇಳ್ದೇ ಇರೋರ ಹತ್ರ ಏನಂತ ಕೇಳೋದು?"

ನನಗೆ ಕಣ್ಣು ತುಂಬಿತು. ನಂಬಿಕೆ ಎಂದರೆ ಕಣ್ಣು ಮುಚ್ಚಿ ಕೈಮುಗಿಯುವುದು ಎಂದುಕೊಂಡಿದ್ದೆ. ಈ ಹೆಂಗಸು ದೇವರನ್ನು ಅವನ ಮಾತಿಗೇ ಕಟ್ಟಿಹಾಕಿ ಕೂತಿದ್ದಾರೆ. ಆದರೂ ನನ್ನ ಹಾಳು ಬುದ್ಧಿ ಸುಮ್ಮನಿರಬೇಕಲ್ಲ. ದೇವರನ್ನೇ ಬಿಡದವರು ಸೊಸೆಯನ್ನು ಅವಳ ಪಾಡಿಗೆ ಬಿಡುತ್ತಾರೆಯೇ?

ಹೊರಡುವಾಗ ಪೇಪರಿನಲ್ಲಿ ಚಕ್ಕುಲಿಯಂಥ ಮುರುಕು ಕಟ್ಟಿ ಕೈಗಿಟ್ಟರು.

"ಚೈತ್ರಂಗೆ ಕೊಡಿ, ಪದ್ಮಕ್ಕಾ."

ನಾನು ಹೇಳಿದ್ದು ಸರಸ್ವತಿ ಎಂದಲ್ಲವೇ?

"ಫೋನಲ್ಲಿ ನಿಮ್ ಫೋಟೋ ಮೊದ್ಲೇ ತೋರ್ಸವ್ಳೆ" ಎಂದರು, ಮೆಲ್ಲಗೆ. "ಭಯ ಪಡ್ಬೇಡಿ. ಅವಳ ಹೆಸರು ನೀವಿಟ್ಟಿದ್ದು, ನಾವು ಮುಟ್ಟಲ್ಲ. ಪೂಜೆ ಗೀಜೆ ಅವಳಿಷ್ಟ."

ಬಸ್ಸು ರಾಬರ್ಟ್‌ಸನ್‌ಪೇಟೆ ದಾಟುವವರೆಗೂ ನಾನು ತಲೆ ಎತ್ತಲಿಲ್ಲ. ಅಷ್ಟು ನಾಚಿಕೆ. ಆಮೇಲೆ ನಿಧಾನಕ್ಕೆ ತಲೆ ಕೆಲಸ ಶುರುಮಾಡಿತು. ಗೊತ್ತಿದ್ದೂ ಮನೆಯೆಲ್ಲ ತೋರಿಸಿದ್ದು ಏಕೆ? ಅದರಲ್ಲೂ ಏನೋ ಉಪಾಯ ಇರಬಹುದೇ? ನೋಡಿ, ಈ ಗುಮಾನಿ ಸಾಯುವುದೇ ಇಲ್ಲ.

ಬರುವ ಭಾನುವಾರ ಅವರು ಹೆಣ್ಣು ಕೇಳಲು ನಮ್ಮ ಮನೆಗೆ ಬರುತ್ತಾರೆ. ಬರಲಿ ಎಂದು ನಾನೇ ಹೇಳಿದ್ದೇನೆ. ನಿನ್ನೆ ಗಂಡ ಕೇಳಿದರು, "ಎಂಗವ್ರೆ ಜನ? ನಂಬಬೋದಾ?"

ನೀವೇ ಹೇಳಿ, ಆ ಪ್ರಶ್ನೆ ಕೇಳಬೇಕಾದವರು ನಾವೋ, ರೂತಮ್ಮನೋ?